ಗಡಿಯಾರಕ್ಕಿಂತ ಪಂಚಾಂಗ ಮುಖ್ಯ: ಅಘನಾಶಿನಿ ಅಳಿವೆಯಲ್ಲಿ ಚಳಿಗಾಲದ ಹಕ್ಕಿ ನಡಿಗೆ

2024ರ ಜನವರಿ ಕೊನೆಯಲ್ಲಿ ಉತ್ತರ ಕನ್ನಡದ ಅಘನಾಶಿನಿ ಅಳಿವೆಗೆ ರಾಮ್ಸರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ತೇವಭೂಮಿ ಎಂಬ ಪಟ್ಟ ಸಿಕ್ಕಿತು. ಗೋಕರ್ಣಕ್ಕೆ ಹೋಗುವವರು ಈಗ ಕೇಳುವ ಪ್ರಶ್ನೆ ಒಂದೇ: ಹಾಗೇ ಅಲ್ಲಿಗೂ ಹೋಗಿ ಹಕ್ಕಿ ನೋಡಿ ಬರಬಹುದಾ?

ಧಾರಾಳವಾಗಿ ನೋಡಬಹುದು. ಆದರೆ ರಂಗನತಿಟ್ಟಿಗೆ ಹೋದ ಹಾಗೆ ಹೋದರೆ ಬೇಜಾರಾಗುತ್ತದೆ. ರಂಗನತಿಟ್ಟಿನಲ್ಲಿ ಹಕ್ಕಿಗಳು ಮರದ ಮೇಲೆ ಗೂಡು ಕಟ್ಟಿಕೊಂಡು ಕೂತಿರುತ್ತವೆ. ದೋಣಿ ಹತ್ತಿರ ಹೋದರೆ ಸಾಕು, ಕಾಣುತ್ತವೆ. ಅಳಿವೆಯಲ್ಲಿ ಹಾಗಲ್ಲ. ಇವತ್ತು ಬೆಳಿಗ್ಗೆ ಎಂಟಕ್ಕೆ ಕೆಸರು ತುಂಬಾ ಹಕ್ಕಿ ಓಡಾಡುತ್ತಿದ್ದ ಜಾಗಕ್ಕೆ ಮುಂದಿನ ವಾರ ಅದೇ ಎಂಟಕ್ಕೆ ಹೋದರೆ ಬರೀ ನೀರು ಕಾಣಬಹುದು. ಹಕ್ಕಿಗಳು ಊರು ಬಿಟ್ಟು ಹೋಗಿರುವುದಿಲ್ಲ. ಕಡಲಿನ ಹೊತ್ತು ಬದಲಾಗಿರುತ್ತದೆ, ಅಷ್ಟೇ. ಆ ಹೊತ್ತನ್ನು ಅರ್ಥ ಮಾಡಿಕೊಂಡರೆ ಹಕ್ಕಿಯ ಕೊಕ್ಕು, ಕಾಲು, ಗುಂಪು, ನಿದ್ದೆ ಎಲ್ಲದಕ್ಕೂ ಕಾರಣ ಸಿಗುತ್ತದೆ.

ಅಳಿವೆ ಎಂದರೆ ಎಂಥ ಜಾಗ?

ಹೊಳೆ ಕಡಲು ಸೇರುವ ಕಡೆ ನೀರು ಸಿಹಿಯೂ ಅಲ್ಲ, ಪೂರ್ತಿ ಉಪ್ಪೂ ಅಲ್ಲ. ಕಡಲು ಏರಿದಾಗ ಉಪ್ಪುನೀರು ಹೊಳೆಯೊಳಗೆ ಕಿಲೋಮೀಟರ್‌ಗಟ್ಟಲೆ ನುಗ್ಗುತ್ತದೆ. ಇಳಿದಾಗ ಹೊಳೆಯ ನೀರು ಕೆಳಗೆ ಬರುತ್ತದೆ. ಇವೆರಡೂ ಬೆರೆಯುವ ಅಗಲವಾದ ಜಾಗವೇ ಅಳಿವೆ.

ಅಘನಾಶಿನಿ ಹುಟ್ಟುವುದು ಶಿರಸಿ ಸೀಮೆಯಲ್ಲಿ. ಉಂಚಳ್ಳಿಯಲ್ಲಿ 116 ಮೀಟರ್ ಕೆಳಗೆ ಧುಮುಕುತ್ತದೆ. ಮಿರ್ಜಾನ್ ಕೋಟೆಯ ಸೀಮೆ ದಾಟಿ, ತದಡಿ ಮತ್ತು ಅಘನಾಶಿನಿ ಎಂಬ ಎರಡು ಊರುಗಳ ನಡುವೆ ಅರಬ್ಬಿ ಸಮುದ್ರ ಸೇರುತ್ತದೆ. ದಾರಿಯಲ್ಲಿ ದೊಡ್ಡ ಅಣೆಕಟ್ಟು ಒಂದೂ ಇಲ್ಲ. ಹಾಗಾಗಿ ಮಳೆಗಾಲದಲ್ಲಿ ಘಟ್ಟದ ಮಣ್ಣು, ಕೊಳೆತ ಎಲೆ ಎಲ್ಲವೂ ತಡೆಯಿಲ್ಲದೆ ಕೆಳಗಿಳಿಯುತ್ತದೆ. ಕಡಲ ಹತ್ತಿರ ಬಂದಾಗ ಹೊಳೆ ಅಗಲವಾಗುತ್ತದೆ, ಓಟ ನಿಧಾನವಾಗುತ್ತದೆ, ಹೊತ್ತು ತಂದ ನುಣ್ಣನೆಯ ಮಣ್ಣು ತಳಕ್ಕೆ ಕೂರುತ್ತದೆ. ಇಳಿತದ ಹೊತ್ತಿಗೆ ಅಲ್ಲಲ್ಲಿ ಹೊರಗೆ ಕಾಣುವ ಕಪ್ಪು ಕೆಸರು ಬಯಲು ಹೀಗೆ ಆದದ್ದು. ಅದರ ಅಂಚಿಗೆ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಕಾಡು. ನಡುವೆ ಕುರ್ವೆಗಳು, ಅಂದರೆ ಹೊಳೆ ನಡುವಿನ ದ್ವೀಪಗಳು. ಬದಿಯಲ್ಲಿ ಗಜನಿ ಎಂಬ ತಗ್ಗು ಗದ್ದೆಗಳು, ಸಾಣಿಕಟ್ಟಾದ ಉಪ್ಪಿನ ಆಗರ.

ಇನ್ನು ರಾಮ್ಸರ್. ಇದು ಇರಾನಿನ ಒಂದು ಊರು. ತೇವಭೂಮಿಗಳನ್ನು ಉಳಿಸಿಕೊಳ್ಳುವ ಬಗ್ಗೆ ಹಲವು ದೇಶಗಳು 1971ರ ಫೆಬ್ರುವರಿ 2ರಂದು ಅಲ್ಲಿ ಒಪ್ಪಂದ ಮಾಡಿಕೊಂಡವು. ಭಾರತ 1982ರಲ್ಲಿ ಸೇರಿತು. ಈ ಒಪ್ಪಂದದ ಪ್ರಕಾರ ಕೆರೆ, ಜೌಗು, ಹೊಳೆ ಮಾತ್ರವಲ್ಲ, ಇಳಿತದಲ್ಲಿ ಆರು ಮೀಟರಿಗಿಂತ ಆಳವಿಲ್ಲದ ಕಡಲ ಅಂಚೂ ತೇವಭೂಮಿಯೇ. ಕರ್ನಾಟಕದಲ್ಲಿ ಈ ಪಟ್ಟ ಮೊದಲು ಸಿಕ್ಕಿದ್ದು ರಂಗನತಿಟ್ಟಿಗೆ, 2022ರಲ್ಲಿ. 2024ರಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆ, ವಿಜಯನಗರ ಜಿಲ್ಲೆಯ ಅಂಕಸಮುದ್ರ ಮತ್ತು ಅಘನಾಶಿನಿ ಸೇರಿದವು. ಈ ನಾಲ್ಕರಲ್ಲಿ ಕಡಲ ನೀರು ಮುಟ್ಟುವುದು ಅಘನಾಶಿನಿಯನ್ನು ಮಾತ್ರ. ಇದರ ವಿಸ್ತಾರ 4,801 ಹೆಕ್ಟೇರ್.

ಪಟ್ಟ ಸಿಕ್ಕಿತು ಅಂದ ಮಾತ್ರಕ್ಕೆ ಜನ ಅಲ್ಲಿಂದ ದೂರ ಇರಬೇಕು ಅಂತಲ್ಲ. ಮೀನುಗಾರಿಕೆ, ಚಿಪ್ಪಿಕಲ್ಲು ಹೆಕ್ಕುವುದು, ಉಪ್ಪು ತೆಗೆಯುವುದು, ಗಜನಿ ಬೇಸಾಯ ಎಲ್ಲವೂ ಈ ಅಳಿವೆಯ ಭಾಗವೇ. ಜಾಗದ ಸ್ವಭಾವ ಕೆಡದ ಹಾಗೆ ಬಳಸಿ ಎನ್ನುವುದು ಒಪ್ಪಂದದ ಸಾರ.

ದಿನಕ್ಕೆ ಎರಡು ಪಂಕ್ತಿ

ನಮ್ಮ ಕರಾವಳಿಯಲ್ಲಿ ಕಡಲು ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ. ಚಂದ್ರನ ಸೆಳೆತ ಇದಕ್ಕೆ ಮುಖ್ಯ ಕಾರಣ, ಸೂರ್ಯನ ಪಾಲೂ ಇದೆ. ಭೂಮಿ ಒಂದು ಸುತ್ತು ಮುಗಿಸುವಷ್ಟರಲ್ಲಿ ಚಂದ್ರ ಸ್ವಲ್ಪ ಮುಂದೆ ಹೋಗಿರುತ್ತಾನೆ. ಮತ್ತೆ ಅವನ ನೇರಕ್ಕೆ ಬರಲು ಭೂಮಿಗೆ ಇನ್ನೂ ಸುಮಾರು 50 ನಿಮಿಷ ಬೇಕು. ಅದಕ್ಕೇ ಉಬ್ಬರದ ಹೊತ್ತು ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಒಂದು ವಾರ ಕಳೆಯುವಾಗ ಉಬ್ಬರ ಇದ್ದ ಹೊತ್ತಿಗೆ ಇಳಿತ ಬಂದಿರುತ್ತದೆ.

ಹಕ್ಕಿಗಳ ಮಟ್ಟಿಗೆ ಇದು ಊಟದ ಪಂಕ್ತಿ. ನೀರು ಇಳಿದರೆ ಎಲೆ ಹಾಕಿದ ಹಾಗೆ, ಏರಿದರೆ ಎಲೆ ಎತ್ತಿದ ಹಾಗೆ. ದಿನಕ್ಕೆ ಎರಡೇ ಪಂಕ್ತಿ, ಅದೂ ದಿನದಿಂದ ದಿನಕ್ಕೆ ಬೇರೆ ಬೇರೆ ಹೊತ್ತು. ಒಂದು ಪಂಕ್ತಿ ನಡುರಾತ್ರಿ ಬಿದ್ದರೆ ನಡುರಾತ್ರಿಯೇ ಉಣ್ಣಬೇಕು. ಕೆಸರಿನಲ್ಲಿ ಮೇಯುವ ಎಷ್ಟೋ ಹಕ್ಕಿಗಳು ನಿಜಕ್ಕೂ ಕತ್ತಲಲ್ಲಿ ಮೇಯುತ್ತವೆ. ಹಗಲು ಎಂಟು ಗಂಟೆಗೆ ಅವು ತಲೆ ಬೆನ್ನಿಗೆ ಸಿಕ್ಕಿಸಿಕೊಂಡು ಮಲಗಿದ್ದರೆ ಸೋಮಾರಿ ಅಂದುಕೊಳ್ಳಬೇಡಿ. ರಾತ್ರಿ ಪಾಳಿ ಮುಗಿಸಿರಬಹುದು.

ಏರಿಳಿತದ ಪ್ರಮಾಣವೂ ದಿನವೂ ಒಂದೇ ಅಲ್ಲ. ಅಮಾವಾಸ್ಯೆ, ಹುಣ್ಣಿಮೆಯಲ್ಲಿ ಸೂರ್ಯ, ಚಂದ್ರ, ಭೂಮಿ ಒಂದೇ ಸಾಲಿಗೆ ಬರುತ್ತವೆ. ಎರಡೂ ಸೆಳೆತ ಕೂಡಿ ನೀರು ಜಾಸ್ತಿ ಏರುತ್ತದೆ, ಜಾಸ್ತಿ ಇಳಿಯುತ್ತದೆ. ಅಷ್ಟಮಿಯ ಹೊತ್ತಿಗೆ ಸೂರ್ಯ ಒಂದು ಕಡೆ, ಚಂದ್ರ ಇನ್ನೊಂದು ಕಡೆ ಎಳೆಯುವುದರಿಂದ ನೀರಿನ ಏರಿಳಿತ ಕಡಿಮೆ. ಕೆಸರು ಬಯಲು ಎಂಬುದು ಹೆಚ್ಚುಕಡಿಮೆ ಸಮತಟ್ಟು. ನೀರು ಒಂದು ಗೇಣು ಜಾಸ್ತಿ ಇಳಿದರೂ ಎಷ್ಟೋ ಎಕರೆ ಹೊಸದಾಗಿ ಹೊರಗೆ ಬರುತ್ತದೆ.

ನಡಿಗೆಗೆ ಹೊರಡುವವರಿಗೆ ಇದರಿಂದ ಒಂದು ಒಳ್ಳೆಯ ಸೂತ್ರ ಸಿಗುತ್ತದೆ. ಉತ್ತರ ಕನ್ನಡದ ಕರಾವಳಿಯಲ್ಲಿ ಹುಣ್ಣಿಮೆ, ಅಮಾವಾಸ್ಯೆಯ ಸುಮಾರಿಗೆ ಬೆಳಗಿನ ಜಾವ ಇಳಿತ, ಹತ್ತು-ಹನ್ನೊಂದು ಗಂಟೆಯ ಆಸುಪಾಸು ಉಬ್ಬರ. ಅಂದರೆ ಆ ದಿನಗಳಲ್ಲಿ ಮತ್ತು ಅದರ ಮರುದಿನ, ಮೂರನೆಯ ದಿನ ಬೆಳಿಗ್ಗೆ ಏಳರಿಂದ ಹತ್ತರವರೆಗೆ ನೀರು ಏರುತ್ತಾ ಇರುತ್ತದೆ. ಹಕ್ಕಿ ನೋಡಲು ಅದೇ ಒಳ್ಳೆಯ ಹೊತ್ತು. ಯಾಕೆ? ಪೂರ್ತಿ ಇಳಿದಾಗ ಹಕ್ಕಿಗಳು ಬಯಲಿನ ಆಚೆ ತುದಿಯವರೆಗೆ ಚೆದುರಿರುತ್ತವೆ, ಬೈನಾಕ್ಯುಲರ್‌ನಲ್ಲೂ ಚುಕ್ಕಿಗಳೇ. ನೀರು ಏರಿದ ಹಾಗೆ ಅವು ಹಿಂದೆ ಹಿಂದೆ ಸರಿಯುತ್ತಾ ದಡದ ಕಡೆ, ಅಂದರೆ ನಿಮ್ಮ ಕಡೆಗೇ ಬರುತ್ತವೆ. ನೀವು ಹಕ್ಕಿಯ ಹತ್ತಿರ ಹೋಗುವ ಕಷ್ಟವಿಲ್ಲ, ಸುಮ್ನೆ ಕೂತರೆ ಸಾಕು. ಅಷ್ಟಮಿಯ ಸುತ್ತ ಹೋದರೆ ಇಳಿತ ಬೀಳುವುದು ಬಿಸಿಲೇರಿದ ಮೇಲೆ.

ಇದು ಅಂದಾಜಿನ ಲೆಕ್ಕ. ಸರಿಯಾದ ಹೊತ್ತಿಗೆ ಉಬ್ಬರ-ಇಳಿತದ ಪಟ್ಟಿ ನೋಡಿ, ಮೊಬೈಲ್ ಆ್ಯಪ್‌ಗಳಲ್ಲೂ ಸಿಗುತ್ತದೆ. ಪಟ್ಟಿಯಲ್ಲಿರುವುದು ಬಂದರಿನ ಹೊತ್ತು. ಅಳಿವೆಯ ಒಳಗೆ, ಮಿರ್ಜಾನ್ ಕಡೆ ಹೋದಷ್ಟೂ ನೀರು ತಡವಾಗಿ ತಲುಪುತ್ತದೆ. ಎಲ್ಲಕ್ಕಿಂತ ನಂಬಿಕೆಯ ದಾರಿ ಎಂದರೆ ದಡದಲ್ಲಿ ಬುಟ್ಟಿ ಹಿಡಿದು ನಿಂತ ಅಕ್ಕನನ್ನು ಕೇಳುವುದು. ಚಿಪ್ಪಿಕಲ್ಲು ಹೆಕ್ಕುವವರ ದಿನವೂ ಇದೇ ನೀರಿನ ಮೇಲೆ ನಿಂತಿದೆ.

ಕೆಸರಿನೊಳಗೆ ಏನಿದೆ?

ಮೇಲಿಂದ ನೋಡಿದರೆ ಕೆಸರು ಖಾಲಿ. ಒಳಗೆ ಹಾಗಲ್ಲ. ಬಳಚು, ಬೇರೆ ಚಿಪ್ಪಿಕಲ್ಲು, ಬಸವನಹುಳು, ಏಡಿ, ಸಣ್ಣ ಸಿಗಡಿ, ಕೊಳವೆ ಮಾಡಿಕೊಂಡು ಕೂತ ಹುಳುಗಳು ಒಂದೊಂದು ಆಳದಲ್ಲಿ ಇರುತ್ತವೆ. ನೀರು ಇಳಿದಾಗ ಒಣಗದಿರಲು, ಬಿಸಿಲಿಗೆ ಸಾಯದಿರಲು ಇವು ಒಳಗೆ ಇಳಿಯುತ್ತವೆ. ಕೆಲವು ಅರ್ಧ ಇಂಚು ಒಳಗೆ, ಕೆಲವು ಗೇಣುದ್ದ ಒಳಗೆ.

ಹಕ್ಕಿಗಳ ಕೊಕ್ಕು ನಾನಾ ಉದ್ದದಲ್ಲಿ ಇರುವುದು ಇದಕ್ಕೇ. ಗುಬ್ಬಚ್ಚಿ ಗಾತ್ರದ ಲಿಟಲ್ ಸ್ಟಿಂಟ್‌ನ ಕೊಕ್ಕು ಎರಡು ಸೆಂಟಿಮೀಟರಿಗಿಂತ ಕಡಿಮೆ. ಅದು ಮೇಲ್ಪದರದ ಸಣ್ಣ ಹುಳು ಹೆಕ್ಕುತ್ತದೆ. ಕೆಂಪು ಕಾಲಿನ ರೆಡ್‌ಶ್ಯಾಂಕ್ ಇನ್ನೂ ಸ್ವಲ್ಪ ಆಳಕ್ಕೆ ಚುಚ್ಚುತ್ತದೆ. ಕರ್ಲ್ಯೂ ಎಂಬ ದೊಡ್ಡ ಹಕ್ಕಿಯ ಕೊಕ್ಕು ಕೆಳಗೆ ಬಾಗಿದ್ದು, 15 ಸೆಂಟಿಮೀಟರ್ ಆಸುಪಾಸು ಬೆಳೆಯುತ್ತದೆ. ಏಡಿಯ ಬಿಲವೂ ನೇರವಾಗಿರುವುದಿಲ್ಲ, ಬಾಗಿರುತ್ತದೆ. ಕರ್ಲ್ಯೂ ಕೊಕ್ಕನ್ನು ಬಿಲದೊಳಗೆ ತಿರುಗಿಸಿ ಏಡಿಯನ್ನು ಎಳೆದು, ಕೊಡವಿ, ಕಾಲು ಕಿತ್ತು ನುಂಗುವುದನ್ನು ನೋಡಲು ಒಂದಷ್ಟು ಹೊತ್ತು ಕಾದರೂ ನಷ್ಟವಿಲ್ಲ.

ಒಂದು ಸೋಜಿಗ ಇಲ್ಲಿದೆ. ಕೆಸರಿನೊಳಗೆ ಕಣ್ಣು ಕಾಣುವುದಿಲ್ಲ. ಹಾಗಾದರೆ ಹುಳು ಸಿಕ್ಕಿದ್ದು ಹೇಗೆ ಗೊತ್ತಾಗುತ್ತದೆ? ಇಂಥ ಹಕ್ಕಿಗಳ ಕೊಕ್ಕಿನ ತುದಿಯಲ್ಲಿ ಸ್ಪರ್ಶ ಹಿಡಿಯುವ ಸೂಕ್ಷ್ಮ ಗುಳಿಗಳು ಸಾಲಾಗಿ ಇರುತ್ತವೆ. ಒತ್ತಡದ ಸಣ್ಣ ಬದಲಾವಣೆಯೂ ಅವಕ್ಕೆ ತಿಳಿಯುತ್ತದೆ. ಜೊತೆಗೆ ಇವುಗಳಲ್ಲಿ ಹಲವು, ಕೊಕ್ಕನ್ನು ಪೂರ್ತಿ ತೆರೆಯದೆ ತುದಿಯನ್ನು ಮಾತ್ರ ತೆರೆಯಬಲ್ಲವು. ಪೂರ್ತಿ ತೆರೆಯಲು ಹೋದರೆ ಸುತ್ತಲಿನ ಕೆಸರನ್ನೆಲ್ಲ ತಳ್ಳಬೇಕು ಅಲ್ವಾ?

ಪ್ಲವರ್ ಜಾತಿಯ ಹಕ್ಕಿಗಳ ದಾರಿ ಬೇರೆ. ಅವುಗಳ ಕೊಕ್ಕು ಗಿಡ್ಡ, ತಲೆ ದುಂಡಗೆ, ಕಣ್ಣು ದೊಡ್ಡದು. ಅವು ಕಣ್ಣಿಂದ ಬೇಟೆಯಾಡುತ್ತವೆ. ನಾಲ್ಕು ಹೆಜ್ಜೆ ಓಡುತ್ತವೆ, ಗಕ್ಕನೆ ನಿಲ್ಲುತ್ತವೆ, ನೋಡುತ್ತವೆ, ಕುಕ್ಕುತ್ತವೆ, ಮತ್ತೆ ಓಡುತ್ತವೆ. ಮೇಲಕ್ಕೆ ಬಾಗಿದ ಕೊಕ್ಕಿನ ಟೆರೆಕ್ ಸ್ಯಾಂಡ್‌ಪೈಪರ್ ತಲೆ ತಗ್ಗಿಸಿ ಏಡಿಗಳ ಹಿಂದೆ ಓಡುತ್ತದೆ. ಟರ್ನ್‌ಸ್ಟೋನ್ ಕಲ್ಲು, ಚಿಪ್ಪು ಮಗುಚಿ ಅಡಿಯಲ್ಲಿ ಅಡಗಿದ್ದನ್ನು ಹಿಡಿಯುತ್ತದೆ. ಉದ್ದ ಕೆಂಪು ಕೊಕ್ಕಿನ ಆಯ್ಸ್ಟರ್‌ಕ್ಯಾಚರ್ ಚಿಪ್ಪಿಕಲ್ಲನ್ನೇ ಬಿಡಿಸಿ ತಿನ್ನುತ್ತದೆ. ಒಂದೇ ಕೆಸರಿನಲ್ಲಿ ಹತ್ತಾರು ಜಾತಿ ಹಕ್ಕಿ ಒಟ್ಟಿಗೆ ಮೇಯುತ್ತಿದ್ದರೂ ಅವುಗಳ ಬೇಟೆ, ಆಳ, ವಿಧಾನ ಬೇರೆ ಬೇರೆ. ಹೆಚ್ಚು ಜಗಳವಿಲ್ಲದೆ ನಡೆಯುವುದು ಹೀಗೆ.

ಉಪ್ಪುನೀರಿನ ಪ್ರಶ್ನೆಯೂ ಬರುತ್ತದೆ. ಇಷ್ಟು ಉಪ್ಪು ಹೊಟ್ಟೆಗೆ ಹೋದರೆ ಏನು ಮಾಡುತ್ತವೆ? ಕಡಲಹಕ್ಕಿಗಳಿಗೆ ಕಣ್ಣಿನ ಮೇಲ್ಭಾಗದಲ್ಲಿ ಉಪ್ಪು ಸೋಸುವ ಗ್ರಂಥಿ ಇದೆ. ಹೆಚ್ಚಿನ ಉಪ್ಪು ಗಟ್ಟಿ ಉಪ್ಪುನೀರಾಗಿ ಮೂಗಿನ ಹೊಳ್ಳೆಯಿಂದ ಹೊರಬಂದು ಕೊಕ್ಕಿನ ತುದಿಯಿಂದ ತೊಟ್ಟಿಕ್ಕುತ್ತದೆ. ಮರಳ ದಂಡೆಯ ಮೇಲೆ ಕೂತ ಗಲ್ ಹಕ್ಕಿ ತಲೆ ಕೊಡವುತ್ತಿದ್ದರೆ ಬಹಳ ಸಲ ಅದೇ ಕಾರಣ.

ಎಲ್ಲಿಂದ ಬರುತ್ತವೆ, ಯಾಕೆ ಬರುತ್ತವೆ?

ಚಳಿ ತಡೆಯಲಾಗದೆ ಬರುತ್ತವೆ ಎಂದು ನಾವು ಸುಲಭಕ್ಕೆ ಹೇಳಿಬಿಡುತ್ತೇವೆ. ಗರಿಯ ಹೊದಿಕೆ ಇರುವ ಹಕ್ಕಿಗೆ ಚಳಿಗಿಂತ ದೊಡ್ಡ ತೊಂದರೆ ಹಸಿವು. ಉತ್ತರದ ನೆಲ ಹೆಪ್ಪುಗಟ್ಟಿದರೆ ಕೊಕ್ಕು ಇಳಿಯುವುದಿಲ್ಲ, ಹುಳು ಸಿಗುವುದಿಲ್ಲ. ಕರಾವಳಿಯ ಕೆಸರು ಯಾವತ್ತೂ ಹೆಪ್ಪುಗಟ್ಟುವುದಿಲ್ಲ.

ಹಾಗಾದರೆ ವರ್ಷಪೂರ್ತಿ ಇಲ್ಲೇ ಇರಬಹುದಲ್ಲ? ಮರಿ ಮಾಡಲು ಉತ್ತರವೇ ಅನುಕೂಲ. ಆರ್ಕ್ಟಿಕ್ ಪ್ರದೇಶದಲ್ಲಿ ಜೂನ್, ಜುಲೈ ತಿಂಗಳಲ್ಲಿ ಸೂರ್ಯ ಮುಳುಗುವುದೇ ಇಲ್ಲ ಎನ್ನುವಷ್ಟು ಉದ್ದದ ಹಗಲು. ಹಿಮ ಕರಗಿದ ನೀರಿನಲ್ಲಿ ಸೊಳ್ಳೆ, ನೊಣ ಲೆಕ್ಕವಿಲ್ಲದಷ್ಟು. ಮರಿಗಳು ಮೊಟ್ಟೆಯೊಡೆದ ದಿನವೇ ಓಡಾಡಿ ಹೆಕ್ಕಿ ತಿನ್ನುತ್ತವೆ. ಆ ಸುಗ್ಗಿ ಕೆಲವೇ ವಾರ. ಮುಗಿದ ಕೂಡಲೇ ದಕ್ಷಿಣಕ್ಕೆ ಹೊರಡಬೇಕು.

ಎಲ್ಲ ಹಕ್ಕಿಯೂ ಆರ್ಕ್ಟಿಕ್‌ನಿಂದಲೇ ಬರುವುದಿಲ್ಲ. ಲಿಟಲ್ ಸ್ಟಿಂಟ್, ಕರ್ಲ್ಯೂ ಸ್ಯಾಂಡ್‌ಪೈಪರ್ ಉತ್ತರ ರಷ್ಯಾ, ಸೈಬೀರಿಯಾದ ಆರ್ಕ್ಟಿಕ್ ಬಯಲಿನವು. ನಮ್ಮ ಪಶ್ಚಿಮ ಕರಾವಳಿಯಲ್ಲಿ ಗುಂಪುಗುಂಪಾಗಿ ಕಾಣುವ ಸಣ್ಣ ಸ್ಯಾಂಡ್ ಪ್ಲವರ್ ಟಿಬೆಟ್, ಪಾಮಿರ್‌ನಂಥ ಎತ್ತರದ ಪ್ರಸ್ಥಭೂಮಿಗಳಿಂದ ಬರುತ್ತದೆ. ಕಂದು ತಲೆಯ ಗಲ್ ಕೂಡ ಮಧ್ಯ ಏಷ್ಯಾದ ಎತ್ತರದ ಸರೋವರಗಳಲ್ಲಿ ಮರಿ ಮಾಡುವ ಹಕ್ಕಿ. ಬೇಸಿಗೆಯಲ್ಲಿ ಕಡಲಿನ ಗಾಳಿಯೇ ಇಲ್ಲದ ಊರು, ಚಳಿಗಾಲದಲ್ಲಿ ತದಡಿ ಬಂದರಿನ ಮೀನಿನ ದೋಣಿಯ ಹಿಂದೆ ಹಾರಾಟ! ಉತ್ತರ ಸೈಬೀರಿಯಾದಿಂದ ಹಿಂದೂ ಮಹಾಸಾಗರದವರೆಗಿನ ಈ ದಾರಿಗೆ ಮಧ್ಯ ಏಷ್ಯಾ ಹಾರುದಾರಿ ಎಂದು ಹೆಸರು. 30 ದೇಶಗಳು ಇದರ ವ್ಯಾಪ್ತಿಗೆ ಬರುತ್ತವೆ.

ಹೊರಡುವ ಮುನ್ನ ಹಕ್ಕಿಗಳು ಮೈಯಲ್ಲಿ ಕೊಬ್ಬು ತುಂಬಿಕೊಳ್ಳುತ್ತವೆ. ದೂರ ಹಾರುವ ಕೆಲವು ಜಾತಿಗಳ ತೂಕ ಹೊರಡುವ ಹೊತ್ತಿಗೆ ಇಮ್ಮಡಿಯ ಹತ್ತಿರ ಬರುತ್ತದೆ. ಈ ಶಕ್ತಿಯಲ್ಲಿ ಎಷ್ಟು ದೂರ ಹೋಗಬಹುದು? 2022ರ ಅಕ್ಟೋಬರ್‌ನಲ್ಲಿ ಬಾರ್-ಟೇಲ್ಡ್ ಗಾಡ್ವಿಟ್ ಜಾತಿಯ ಒಂದು ಹಕ್ಕಿ ಅಲಾಸ್ಕಾದಿಂದ ಆಸ್ಟ್ರೇಲಿಯಾದ ಟ್ಯಾಸ್ಮೇನಿಯಾಕ್ಕೆ ಎಲ್ಲೂ ಇಳಿಯದೆ 13,560 ಕಿಲೋಮೀಟರ್ ಹಾರಿತು. 11 ದಿನ ಹಿಡಿಯಿತು. ಅದರ ವಯಸ್ಸು ಆಗ ಸುಮಾರು ಐದು ತಿಂಗಳು. ಇದೇ ಜಾತಿಯ ಸೈಬೀರಿಯಾದ ಹಕ್ಕಿಗಳು ಭಾರತದ ಪಶ್ಚಿಮ ಕರಾವಳಿಗೂ ಬರುತ್ತವೆ.

ಮರಿಗೆ ದಾರಿ ಯಾರು ಹೇಳಿಕೊಡುತ್ತಾರೆ? ಇವುಗಳಲ್ಲಿ ಹಲವು ಜಾತಿಗಳಲ್ಲಿ ಯಾರೂ ಇಲ್ಲ. ದೊಡ್ಡವು ಮೊದಲು ಹೊರಟುಬಿಡುತ್ತವೆ, ಮರಿಗಳು ವಾರಗಳ ನಂತರ ತಾವೇ ಹೊರಡುತ್ತವೆ. ಯಾವ ದಿಕ್ಕಿಗೆ ಎಂಬುದು ಹುಟ್ಟಿನಿಂದಲೇ ಬಂದ ಜ್ಞಾನ. ಸೂರ್ಯ, ನಕ್ಷತ್ರ, ಭೂಮಿಯ ಅಯಸ್ಕಾಂತ ಶಕ್ತಿ ಇವೆಲ್ಲ ದಿಕ್ಕು ಹಿಡಿಯಲು ನೆರವಾಗುತ್ತವೆ.

ಒಂದು ಮಾತು. ನಾವು ಚಳಿಗಾಲದ ಅತಿಥಿ ಎಂದರೂ ಇವು ಬರಲು ಶುರುವಾಗುವುದು ಆಗಸ್ಟ್, ಸೆಪ್ಟೆಂಬರ್‌ನಲ್ಲೇ. ಆಗ ಇಲ್ಲಿ ಇನ್ನೂ ಮಳೆ. ಹೊರಡುವುದು ಏಪ್ರಿಲ್, ಮೇ ಹೊತ್ತಿಗೆ. ಮೊದಲ ವರ್ಷದ ಕೆಲವು ಮರಿಗಳು ಬೇಸಿಗೆಯಲ್ಲೂ ಇಲ್ಲೇ ಉಳಿದುಬಿಡುತ್ತವೆ. ಲೆಕ್ಕ ಹಾಕಿದರೆ ಉತ್ತರದಲ್ಲಿ ಇರುವುದು ಎರಡು-ಮೂರು ತಿಂಗಳು, ಇಲ್ಲಿ ಏಳೆಂಟು ತಿಂಗಳು. ಅತಿಥಿ ಎನ್ನುವುದಕ್ಕಿಂತ ಹೆರಿಗೆಗೆ ಮಾತ್ರ ಉತ್ತರಕ್ಕೆ ಹೋಗುವ ನಮ್ಮೂರಿನವು ಎಂದರೂ ತಪ್ಪಿಲ್ಲ.

ಎಲ್ಲವೂ ಬೂದು, ಗುರುತು ಹೇಗೆ?

ಹೊಸಬರು ಕೈಚೆಲ್ಲುವುದು ಇಲ್ಲೇ. ಹಕ್ಕಿ ಪುಸ್ತಕದಲ್ಲಿ ಕರ್ಲ್ಯೂ ಸ್ಯಾಂಡ್‌ಪೈಪರ್ ಇಟ್ಟಿಗೆಗೆಂಪು, ಕಂದು ತಲೆಯ ಗಲ್‌ಗೆ ಚಂದದ ಕಂದು ಮುಸುಕು. ಡಿಸೆಂಬರ್‌ನಲ್ಲಿ ನೋಡಿದರೆ ಮೊದಲನೆಯದು ಬೂದು, ಎರಡನೆಯದಕ್ಕೆ ತಲೆ ಬಿಳಿ, ಕಿವಿಯ ಹತ್ತಿರ ಒಂದು ಕಪ್ಪು ಮಚ್ಚೆ. ಗಾಢ ಬಣ್ಣ ಇರುವುದು ಸಂಗಾತಿಯನ್ನು ಸೆಳೆಯಲು. ಚಳಿಗಾಲದಲ್ಲಿ ಆ ಕೆಲಸವಿಲ್ಲ, ಬೂದು ಕೆಸರಿನಲ್ಲಿ ಗಿಡುಗದ ಕಣ್ಣಿಗೆ ಬೀಳದೆ ಇರುವುದೇ ದೊಡ್ಡದು. ಮಾರ್ಚ್ ಕೊನೆ, ಏಪ್ರಿಲ್ ಹೊತ್ತಿಗೆ ಗರಿ ಬದಲಾಗಿ ಬಣ್ಣ ಏರಲು ತೊಡಗುತ್ತದೆ. ಸೆಖೆ ತಡೆದುಕೊಳ್ಳುವವರಿಗೆ ಆಗ ಅರ್ಧ ಬೂದು, ಅರ್ಧ ಕೆಂಪಾದ ಹಕ್ಕಿಗಳು ಕಾಣಸಿಗುತ್ತವೆ.

ಹಾಗಾಗಿ ಬಣ್ಣ ಬಿಟ್ಟು ಆಕಾರ, ನಡಿಗೆ ನೋಡಿ. ಪಕ್ಕದ ಹಕ್ಕಿಗಿಂತ ದೊಡ್ಡದೋ ಸಣ್ಣದೋ? ಕೊಕ್ಕು ತಲೆಯಷ್ಟೇ ಉದ್ದವೋ, ಎರಡು ಪಟ್ಟೋ, ಗಿಡ್ಡವೋ? ನೇರವೋ, ಬಾಗಿದೆಯೋ? ಓಡಿ ನಿಲ್ಲುತ್ತದೋ, ನಡೆಯುತ್ತಾ ಚುಚ್ಚುತ್ತಲೇ ಇರುತ್ತದೋ? ಇಷ್ಟು ಗಮನಿಸಿದರೆ ಯಾವ ಬಳಗ ಎಂದಾದರೂ ಗೊತ್ತಾಗುತ್ತದೆ. ಆಮೇಲೆ ಕಾಲಿನ ಬಣ್ಣ. ಕಿತ್ತಳೆಗೆಂಪು ಕಾಲು, ಹಾರಿದಾಗ ರೆಕ್ಕೆಯ ಹಿಂದಿನ ಅಂಚು ಬಿಳಿ ಇದ್ದರೆ ರೆಡ್‌ಶ್ಯಾಂಕ್. ಹಸಿರು ಛಾಯೆಯ ಕಾಲು, ಕೊಕ್ಕು ತುಸು ಮೇಲಕ್ಕೆ ಎದ್ದಿದ್ದರೆ ಗ್ರೀನ್‌ಶ್ಯಾಂಕ್. ನಿಂತಲ್ಲೇ ಬಾಲ ಕುಣಿಸುತ್ತಾ, ಹೆಗಲ ಹತ್ತಿರ ಎದೆಯ ಬಿಳಿ ಮೇಲಕ್ಕೆ ಚಾಚಿದ್ದರೆ ಕಾಮನ್ ಸ್ಯಾಂಡ್‌ಪೈಪರ್. ಇದು ಗುಂಪಿಗೆ ಸೇರದ ಒಂಟಿ ಜೀವ. ಗಿಡ್ಡ ಕೊಕ್ಕು, ಕುತ್ತಿಗೆಯ ಹಿಂದೆ ಬಿಳಿ ಪಟ್ಟಿ ಇದ್ದರೆ ಕೆಂಟಿಶ್ ಪ್ಲವರ್. ಕರ್ಲ್ಯೂನಂತೆಯೇ ಇದ್ದು ಕೊಕ್ಕು ಗಿಡ್ಡ, ತಲೆಯ ಮೇಲೆ ಗೆರೆಗಳಿದ್ದರೆ ವಿಂಬ್ರೆಲ್.

ವಲಸೆ ಹಕ್ಕಿಯ ಗುಂಗಿನಲ್ಲಿ ಊರಿನವನ್ನು ಮರೆಯಬೇಡಿ. ಕೆಂಗಂದು ಮೈ, ಬಿಳಿ ತಲೆಯ ಗರುಡ, ಬಿಳಿಹೊಟ್ಟೆಯ ಕಡಲಹದ್ದು ವರ್ಷಪೂರ್ತಿ ಇರುತ್ತವೆ. ಬೂದುಗಪ್ಪು ಬಣ್ಣದ ಬೆಳ್ಳಕ್ಕಿ ಕಂಡರೆ ಕಣ್ಣುಜ್ಜಿಕೊಳ್ಳಬೇಕಿಲ್ಲ, ಅದು ಕಡಲಂಚಿನ ರೀಫ್ ಈಗ್ರೆಟ್. ಕಾಂಡ್ಲಾ ಕೊಂಬೆಗಳ ಮೇಲೆ ಮಿಂಚುಳ್ಳಿಗಳನ್ನು ಹುಡುಕಿ. ಕರಿ ತಲೆ, ಬಿಳಿ ಕುತ್ತಿಗೆ, ನೇರಳೆ ಛಾಯೆಯ ನೀಲಿ ಬೆನ್ನಿನ ಮಿಂಚುಳ್ಳಿ ಸಿಕ್ಕರೆ ಅದೃಷ್ಟ. ಮೇಯುತ್ತಿದ್ದ ಗುಂಪು ಒಮ್ಮೆಗೇ ಎದ್ದು, ಒಂದೇ ಮೈಯಂತೆ ತಿರುಗುತ್ತಾ ಹಾರಿದರೆ ಗುಂಪನ್ನು ಬಿಟ್ಟು ಆಕಾಶ ನೋಡಿ. ಪೆರೆಗ್ರಿನ್ ಫಾಲ್ಕನ್ ಅಥವಾ ಬೇರೆ ಯಾವುದಾದರೂ ಬೇಟೆಹಕ್ಕಿ ಮೇಲಿರುವ ಸಾಧ್ಯತೆ ಜಾಸ್ತಿ.

ನೀರು ತುಂಬಿದಾಗ ಎಲ್ಲಿ ಹೋಗುತ್ತವೆ?

ಕೆಸರು ಮುಳುಗಿದ ಮೇಲೆ ಹಕ್ಕಿಗಳು ನೀರು ಮುಟ್ಟದ ಎತ್ತರದ ಜಾಗ ಹುಡುಕಿ ಗುಂಪಾಗಿ ಕೂರುತ್ತವೆ. ಮರಳ ದಿಬ್ಬ, ಉಪ್ಪಿನ ಆಗರದ ಬದು, ಗಜನಿಯ ಕಟ್ಟೆ ಇಂಥವು. ಅಲ್ಲಿ ಗಂಟೆಗಟ್ಟಲೆ ಗರಿ ತೀಡುತ್ತಾ, ಒಂಟಿ ಕಾಲಲ್ಲಿ ನಿದ್ದೆ ಮಾಡುತ್ತಾ ಮುಂದಿನ ಇಳಿತಕ್ಕೆ ಕಾಯುತ್ತವೆ. ಬಯಲು ಕಾಣುವ ಜಾಗವನ್ನೇ ಆರಿಸುತ್ತವೆ, ಬೇಟೆಹಕ್ಕಿ ದೂರದಿಂದಲೇ ಕಾಣಲಿ ಎಂದು.

ಉಪ್ಪಿನ ಆಗರ ಮತ್ತು ಗಜನಿ ಮನುಷ್ಯ ಕಟ್ಟಿದವು. ಆದರೂ ಹಕ್ಕಿಗಳಿಗೆ ಬೇಕಾದವು. ಗಜನಿ ಎಂದರೆ ಅಳಿವೆಯ ಪಕ್ಕದ ತಗ್ಗು ಗದ್ದೆ, ಕಟ್ಟೆ ಕಟ್ಟಿ ಬಾಗಿಲಿನಿಂದ ನೀರು ಒಳಹೊರಗೆ ಬಿಡುತ್ತಾರೆ. ಮಳೆಗಾಲದಲ್ಲಿ ಉಪ್ಪು ತಡೆಯುವ ಕಗ್ಗ ಭತ್ತ, ಕೊಯ್ಲಾದ ಮೇಲೆ ಉಪ್ಪುನೀರು ಒಳಬಿಟ್ಟು ಮೀನು, ಸಿಗಡಿ. ಕೂಳೆಯ ನಡುವಿನ ತೆಳು ನೀರಿನಲ್ಲಿ ಬೆಳ್ಳಕ್ಕಿ, ಉದ್ದ ಗುಲಾಬಿ ಕಾಲಿನ ಸ್ಟಿಲ್ಟ್, ಸಣ್ಣ ಸ್ಯಾಂಡ್‌ಪೈಪರ್‌ಗಳು ಮೇಯುತ್ತವೆ. ಅಳಿವೆಯಲ್ಲಿ ನೀರು ತುಂಬಿದ ಹೊತ್ತಿಗೂ ಇಲ್ಲಿ ಊಟ ಸಿಗುತ್ತದೆ. ಕಟ್ಟೆ ಒಡೆದು ಗಜನಿ ಪಾಳು ಬಿದ್ದರೆ ಅಥವಾ ಆಗರ ಮುಚ್ಚಿ ಮಣ್ಣು ತುಂಬಿದರೆ ಆ ಆಸರೆ ಹೋಗುತ್ತದೆ.

ವಿಶ್ರಾಂತಿಯ ಹಕ್ಕಿಗಳನ್ನು ಎಬ್ಬಿಸಬಾರದು ಎನ್ನುವುದಕ್ಕೂ ಇದೇ ಕಾರಣ. ಫೋಟೊಗಾಗಿ ನೂರು ಹಕ್ಕಿಯನ್ನು ಒಮ್ಮೆ ಹಾರಿಸಿದರೆ ಅವು ತಿಂದು ಕೂಡಿಟ್ಟ ಕೊಬ್ಬು ಸುಮ್ನೆ ಖರ್ಚಾಗುತ್ತದೆ. ಅದನ್ನು ತುಂಬಿಕೊಳ್ಳಲು ಮುಂದಿನ ಇಳಿತದವರೆಗೆ ದಾರಿಯಿಲ್ಲ. ಹಕ್ಕಿಗಳು ಮೇಯುವುದು ನಿಲ್ಲಿಸಿ ಕತ್ತೆತ್ತಿ ನಿಮ್ಮ ಕಡೆ ನೋಡಿದರೆ ಅಲ್ಲೇ ನಿಂತುಬಿಡಿ. ಇನ್ನೊಂದು ಹೆಜ್ಜೆ ಇಟ್ಟರೆ ಹಾರುತ್ತವೆ. ನಾಯಿ ಮತ್ತು ಡ್ರೋನ್ ಎರಡೂ ಬೇಡ.

ಈ ಹಕ್ಕಿಗಳ ಸಂಖ್ಯೆ ಜಗತ್ತಿನಾದ್ಯಂತ ಇಳಿಯುತ್ತಿದೆ. ಅಪಾಯದಲ್ಲಿರುವ ಜೀವಿಗಳ ಜಾಗತಿಕ ಕೆಂಪು ಪಟ್ಟಿಯನ್ನು 2024ರಲ್ಲಿ ಹೊಸದಾಗಿ ಹೊರತಂದಾಗ ಗ್ರೇ ಪ್ಲವರ್, ಕರ್ಲ್ಯೂ ಸ್ಯಾಂಡ್‌ಪೈಪರ್ ಎರಡನ್ನೂ ಅಪಾಯಕ್ಕೆ ಈಡಾದ ಜಾತಿಗಳ ಸಾಲಿಗೆ ಸೇರಿಸಿದರು. ಟರ್ನ್‌ಸ್ಟೋನ್ ಅದಕ್ಕೆ ಒಂದು ಮೆಟ್ಟಿಲು ಕೆಳಗಿದೆ. ಈ ಮೂರೂ ಕರ್ನಾಟಕದ ಕರಾವಳಿಗೆ ಬರುವ ಹಕ್ಕಿಗಳೇ. ದಾರಿಯ ಒಂದು ತುದಿಯಲ್ಲಿ ಹಿಮ ಕರಗುವ ಕಾಲ ಬದಲಾಗುತ್ತಿದೆ. ಇನ್ನೊಂದು ತುದಿಯಲ್ಲಿ, ನಡುವಿನ ತಂಗುದಾಣಗಳಲ್ಲಿ ಕೆಸರು ಬಯಲು ಕಡಿಮೆಯಾಗುತ್ತಿದೆ.

ಹೊರಡುವ ಮುನ್ನ

8×42 ಅಳತೆಯ, ಅಂದರೆ ಎಂಟು ಪಟ್ಟು ದೊಡ್ಡದಾಗಿ ತೋರಿಸುವ ಬೈನಾಕ್ಯುಲರ್ ಸಾಕು. ಹತ್ತು ಪಟ್ಟು ದೊಡ್ಡದು ಮಾಡುವುದನ್ನು ಗಾಳಿಯಲ್ಲಿ ಅಲುಗಾಡದಂತೆ ಹಿಡಿಯುವುದು ಕಷ್ಟ. ಬೆಳಿಗ್ಗೆ ಸೂರ್ಯ ಬೆನ್ನಿಗಿರುವಂತೆ ನಿಲ್ಲಿ, ಇಲ್ಲದಿದ್ದರೆ ಹೊಳೆಯುವ ನೀರಿನ ಮುಂದೆ ಹಕ್ಕಿಗಳೆಲ್ಲ ಕರಿ ನೆರಳಾಗಿ ಕಾಣುತ್ತವೆ. ಟೋಪಿ, ನೀರು ಇರಲಿ. ಕರಾವಳಿಯ ಡಿಸೆಂಬರ್‌ಗೆ ಸ್ವೆಟರ್ ಬೇಕಿಲ್ಲ.

ಕೆಸರಿಗೆ ಇಳಿಯಬೇಡಿ. ಮೇಲೆ ಗಟ್ಟಿ ಕಂಡರೂ ಮೊಣಕಾಲವರೆಗೆ ಹೂತುಹೋಗಬಹುದು. ಸಿಂಪಿಯ ಅಂಚು ಬ್ಲೇಡಿನಷ್ಟು ಹರಿತ. ನೀರು ಏರುವ ಹೊತ್ತಿಗೆ ಒಳಗೆ ಸಿಕ್ಕಿಕೊಂಡರೆ ಹೆದರಿಕೆಯ ಮಾತೇ. ಕಟ್ಟೆ, ದಾರಿ, ಸೇತುವೆ, ದಡ ಇಷ್ಟರಿಂದಲೇ ಬೇಕಾದಷ್ಟು ಕಾಣುತ್ತದೆ. ಆಗರ ಮತ್ತು ಗಜನಿ ಯಾರದ್ದಾದರೂ ದುಡಿಮೆಯ ಜಾಗ, ಒಳಗೆ ಹೋಗುವ ಮೊದಲು ಕೇಳಿ. ಚಿಪ್ಪಿಕಲ್ಲು ಹೆಕ್ಕುವವರ ಫೋಟೊ ತೆಗೆಯುವ ಮೊದಲೂ ಕೇಳಿ.

ಅಘನಾಶಿನಿಯೇ ಆಗಬೇಕೆಂದಿಲ್ಲ. ಕಾರವಾರದ ಕಾಳಿ, ಹೊನ್ನಾವರದ ಶರಾವತಿ, ಕುಂದಾಪುರದ ಗಂಗೊಳ್ಳಿ, ಉಡುಪಿಯ ಕೋಡಿಬೆಂಗ್ರೆ, ಮಂಗಳೂರಿನ ನೇತ್ರಾವತಿ ಅಳಿವೆಗಳಲ್ಲೂ ಇದೇ ಲೆಕ್ಕ ನಡೆಯುತ್ತದೆ. ಹೊನ್ನಾವರದಲ್ಲಿ ಕಾಂಡ್ಲಾ ಕಾಡಿನ ನಡುವೆ ನಡೆಯಲು ಹಲಗೆಯ ದಾರಿ ಇದೆ, ಮಕ್ಕಳನ್ನು ಕರೆದುಕೊಂಡು ಹೋಗುವವರಿಗೆ ಅನುಕೂಲ.

ಕಂಡ ಹಕ್ಕಿಗಳ ಪಟ್ಟಿಯನ್ನು ಇ-ಬರ್ಡ್ ಎಂಬ ಜಾಲತಾಣದಲ್ಲಿ ಹಾಕಿದರೆ ಅದು ಲೆಕ್ಕಕ್ಕೆ ಸೇರುತ್ತದೆ. ಪ್ರತಿ ಜನವರಿಯಲ್ಲಿ ಏಷ್ಯಾದ ನೀರಹಕ್ಕಿಗಳ ಗಣತಿ ನಡೆಯುತ್ತದೆ, 1987ರಿಂದ ನಡೆದು ಬಂದದ್ದು. ಹೊಸಬರು ಅನುಭವಿಗಳ ಜೊತೆ ಹೋಗಿ ಎಣಿಸುವುದನ್ನು ಕಲಿಯಬಹುದು. ಗುಂಪು ದೊಡ್ಡದಿದ್ದರೆ ಒಂದೊಂದಾಗಿ ಎಣಿಸಲು ಆಗುವುದಿಲ್ಲ. ಮೊದಲು ಹತ್ತು ಹಕ್ಕಿ ಎಣಿಸಿ, ಅವು ಎಷ್ಟು ಜಾಗ ಹಿಡಿದಿವೆ ಎಂದು ಕಣ್ಣಳತೆ ಮಾಡಿ, ಗುಂಪಿನಲ್ಲಿ ಅಂಥ ಎಷ್ಟು ತುಂಡುಗಳಿವೆ ಎಂದು ನೋಡುತ್ತಾರೆ.

ಯಾವುದಾದರೂ ಹಕ್ಕಿಯ ಕಾಲಿನಲ್ಲಿ ಬಳೆ ಅಥವಾ ಬಣ್ಣದ ಸಣ್ಣ ಬಾವುಟ ಕಂಡರೆ ಯಾವ ಕಾಲು, ಯಾವ ಬಣ್ಣ ಮೇಲೆ, ಯಾವುದು ಕೆಳಗೆ, ಅಕ್ಷರ ಏನು ಎಂದು ಬರೆದುಕೊಳ್ಳಿ. ದೂರದಿಂದಾದರೂ ಒಂದು ಫೋಟೊ ತೆಗೆಯಿರಿ. ಭಾರತದಲ್ಲಿ ಹಕ್ಕಿಗಳಿಗೆ ಬಳೆ ತೊಡಿಸುವ ಕೆಲಸವನ್ನು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ದಶಕಗಳಿಂದ ಮಾಡುತ್ತಿದೆ. ವಿವರವನ್ನು ಅವರಿಗೆ ಕಳಿಸಿದರೆ, ಆ ಹಕ್ಕಿಗೆ ಯಾವ ದೇಶದಲ್ಲಿ, ಯಾವ ವರ್ಷ ಬಳೆ ಹಾಕಿದರು ಎಂದು ಪತ್ತೆ ಹಚ್ಚಲು ದಾರಿಯಾಗುತ್ತದೆ.